ಹೆರಿಗೆಯ ನಂತರ ನಡಿಗೆ, ವ್ಯಾಯಾಮ: ಯಾವಾಗ, ಎಷ್ಟು, ಮಗುವನ್ನು ಯಾರ ಕೈಗೆ ಕೊಟ್ಟು?

ಅಂಗಳದ ತುಳಸಿ
ಎಲ್ಲರಿಗೂ ನಮಸ್ಕಾರ. ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮೊದಲ ಹೆರಿಗೆ, ಸಹಜ ಹೆರಿಗೆಯೇ, ಆದರೆ ಹೊಲಿಗೆ ಬಿದ್ದಿತ್ತು. ಈಗ ಎರಡು ತಿಂಗಳು ದಾಟಿದೆ, ತವರಿನಲ್ಲಿದ್ದೇನೆ. ಎಣ್ಣೆ ಹಚ್ಚಿ ಹಂಡೆಯ ನೀರು ಎರೆದದ್ದು, ಲೇಹ್ಯ, ಕಷಾಯ, ಮೆಂತೆ ಗಂಜಿ, ಯಾವುದಕ್ಕೂ ಅಮ್ಮ ಕುಂದು ಮಾಡಲಿಲ್ಲ. ಆದರೆ ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕೋಣೆಗೆ, ಇಷ್ಟೇ ನನ್ನ ನಡಿಗೆ. ಸೊಂಟ ಹಿಡಿದುಕೊಂಡಿದೆ. ಸೀನಿದರೆ, ಜೋರಾಗಿ ನಕ್ಕರೆ ಮೂತ್ರ ಒಸರುತ್ತದೆ. ಅಮ್ಮನಲ್ಲಿ ಹೇಳಿದರೆ "ಎಲ್ಲರಿಗೂ ಆಗುವುದೇ, ಸರಿಯಾಗುತ್ತದೆ" ಎನ್ನುತ್ತಾರೆ.

ಮೊನ್ನೆ ಸಂಜೆ ತೋಟದ ಬದಿಯ ದಾರಿಯಲ್ಲಿ ಸ್ವಲ್ಪ ನಡೆದು ಬರುತ್ತೇನೆ ಎಂದಾಗ ಅಜ್ಜಿ ಗಾಳಿ ಹಿಡಿಯುತ್ತದೆ, ನಂಜಾಗುತ್ತದೆ ಎಂದು ಬಿಡಲಿಲ್ಲ. ಹಾಲು ಬತ್ತುತ್ತದೆ ಎಂದು ಅತ್ತೆ ಫೋನಿನಲ್ಲಿ ಹೇಳಿದರು. ಗಂಡ ದುಬೈಯಲ್ಲಿ. ಅಲ್ಲಿಂದ ದಿನಕ್ಕೊಂದು ಹೊಟ್ಟೆ ಕರಗಿಸುವ ವಿಡಿಯೋ ಕಳುಹಿಸುತ್ತಾರೆ. ಒಬ್ಬರು ಮಲಗು ಎನ್ನುತ್ತಾರೆ, ಇನ್ನೊಬ್ಬರು ಜಿಗಿ ಎನ್ನುತ್ತಾರೆ. ನೀವೆಲ್ಲ ಏನು ಮಾಡಿದಿರಿ?

ನೀರ್ಚಾಲಿನ ಅಕ್ಕ
ತಂಗಿ, ಮೊದಲು ಆ ವಿಡಿಯೋಗಳನ್ನು ಬದಿಗಿಡು. ಅಂಗಳದಲ್ಲೇ ಹತ್ತು ನಿಮಿಷ ನಡೆ. ಮರುದಿನ ರಕ್ತಸ್ರಾವ ಹೆಚ್ಚಲಿಲ್ಲ, ಹೊಲಿಗೆಯ ಜಾಗದಲ್ಲಿ ನೋವಿಲ್ಲ ಎಂದಾದರೆ ಐದು ನಿಮಿಷ ಹೆಚ್ಚಿಸು. ನಾನು ಇಷ್ಟೇ ಮಾಡಿದ್ದು. ಅಜ್ಜಿಯರನ್ನು ಒಪ್ಪಿಸುವುದಕ್ಕೆ ತಲೆಗೆ ಬಟ್ಟೆ ಸುತ್ತಿಕೊಂಡು, ಕಾಲಿಗೆ ಚಪ್ಪಲಿ ಹಾಕಿಕೊಂಡು ಇಳಿಯುತ್ತಿದ್ದೆ. ಅವರ ಮನಸ್ಸಿಗೂ ಸಮಾಧಾನ, ನನಗೂ ನಷ್ಟವಿಲ್ಲ.

ಆದರೆ ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ಮರೆಯಬೇಡ. ನಿದ್ದೆಗೆಟ್ಟ ತಲೆ, ಸಡಿಲವಾದ ಸಂದುಗಳು, ಜಾರುವ ಮುರಕಲ್ಲಿನ ಮೆಟ್ಟಿಲು, ಮೂರೂ ಸೇರಿದರೆ ಬೀಳುವುದು ಖಂಡಿತ. ಮಳೆ ಹಿಡಿದ ದಿನ ಜಗಲಿಯಲ್ಲೇ ಅತ್ತಿತ್ತ ನಡೆದರೆ ಸಾಕು.

ಕುಂಬಳೆ ಕಡಲು
ಹಾಲು ಬತ್ತುವುದಿಲ್ಲ. ಹಾಲು ಬರುವುದು ಮಗು ಚೀಪುವುದರಿಂದ, ತಾಯಿ ಹೊಟ್ಟೆ ತುಂಬ ಉಂಡು ನೀರು ಕುಡಿಯುವುದರಿಂದ. ಎರಡು ಮಕ್ಕಳಿಗೆ ಹಾಲೂಡಿಸಿಕೊಂಡೇ ದಿನಾ ನಡೆದವಳು ನಾನು.

ಪದವಿನವ
ಇಷ್ಟೆಲ್ಲ ಚರ್ಚೆ ಯಾಕೆ? ಹಿಂದಿನವರು ಗದ್ದೆಯಲ್ಲಿ ಹೆತ್ತು ಮರುವಾರ ನೇಜಿ ನೆಡುತ್ತಿದ್ದರು. ಗುಡಿಸುವುದು, ಒರೆಸುವುದು, ಬಟ್ಟೆ ಒಗೆಯುವುದು, ಇದಕ್ಕಿಂತ ದೊಡ್ಡ ವ್ಯಾಯಾಮ ಬೇಕೇ? ಮನೆಕೆಲಸ ಮಾಡಿದರೆ ಎಲ್ಲ ಸರಿಯಾಗುತ್ತದೆ.

ಪೆರ್ಲದ ದೊಡ್ಡಮ್ಮ
ಪದವಿನವರೇ, ನನಗೆ ಎಪ್ಪತ್ತು ದಾಟಿದೆ. ಹೆತ್ತ ಮರುವಾರ ನೇಜಿ ನೆಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಒಬ್ಬರು ನೀರಿನ ಕೊಡ ಎತ್ತುವ ಮೊದಲು ಸೀರೆಯ ಒಳಗೆ ಬಟ್ಟೆಯ ಉಂಡೆ ಇಟ್ಟು ಬಿಗಿಯಾಗಿ ಕಚ್ಚೆ ಕಟ್ಟಿಕೊಳ್ಳುತ್ತಿದ್ದರು. ಗರ್ಭಕೋಶ ಜಾರಿ ಹೊರಗೆ ಬರುತ್ತಿತ್ತು. ಅದನ್ನು ಒಳಗೆ ತಳ್ಳಿಕೊಂಡು, ಬಟ್ಟೆ ಒತ್ತಿಕೊಂಡು, ಮತ್ತೆ ಗದ್ದೆಗೆ ಇಳಿಯುತ್ತಿದ್ದರು. ಗಂಡನಿಗೆ ಗೊತ್ತಿರಲಿಲ್ಲ, ಮಕ್ಕಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದು ಅವರು ಒಮ್ಮೆ ಕೆರೆಯ ಮೆಟ್ಟಿಲಲ್ಲಿ ಕುಸಿದು ಕುಳಿತಾಗ. ಅವರು ಗಟ್ಟಿಯಾಗಿದ್ದರು ಎಂದು ನೀವು ಹೇಳುತ್ತೀರಿ. ಅವರಿಗೆ ಬೇರೆ ದಾರಿ ಇರಲಿಲ್ಲ.

ಇನ್ನು ನಲವತ್ತು ದಿನದ ಬಾಣಂತನವನ್ನು ಇಲ್ಲಿ ಯಾರೂ ಹಳಿಯಬೇಡಿ. ಮದುವೆಯಾದ ಹೆಂಗಸಿಗೆ ಜೀವನದಲ್ಲಿ ಕೆಲಸ ಮಾಡದೆ ಇರಲು ಒಪ್ಪಿಗೆ ಸಿಗುತ್ತಿದ್ದದ್ದು ಆ ನಲವತ್ತು ದಿನ ಮಾತ್ರ. ಯಾರೋ ಬಿಸಿನೀರು ಕಾಯಿಸಿ ಕೊಡುತ್ತಿದ್ದರು, ಯಾರೋ ಬಡಿಸುತ್ತಿದ್ದರು. ವ್ಯಾಯಾಮದ ಹೆಸರಿನಲ್ಲಿ ಅದನ್ನೂ ಕಿತ್ತುಕೊಂಡರೆ, "ನಡೆಯಲು ಆಗುತ್ತದಾದರೆ ದೋಸೆಗೂ ಅರೆದುಬಿಡು" ಎನ್ನುವವರು ನಾಳೆ ಬಾಗಿಲಿಗೇ ಬರುತ್ತಾರೆ.

ಅಂಗಳದ ತುಳಸಿ
ದೊಡ್ಡಮ್ಮ, ಓದಿ ಕಣ್ಣು ತುಂಬಿತು. ನಮ್ಮ ಅಜ್ಜಿಯ ಹೆದರಿಕೆಯೂ ಇದೇ ಇರಬಹುದು. ಗಾಳಿ, ನಂಜು ಎಂದೆಲ್ಲ ಹೇಳುವುದು ನನ್ನನ್ನು ಕೆಲಸಕ್ಕೆ ಹಚ್ಚದ ಹಾಗೆ ತಡೆಯುವುದಕ್ಕೋ ಏನೋ.

ಉಪ್ಪಳ ಫಿಸಿಯೋ
ಫಿಸಿಯೋಥೆರಪಿ ನನ್ನ ವೃತ್ತಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಸೀನಿದಾಗ ಮೂತ್ರ ಒಸರುವುದು ತುಂಬಾ ಜನರಿಗೆ ಆಗುತ್ತದೆ ಎನ್ನುವುದು ನಿಜ. ಹಾಗೆಂದು ಸಹಿಸಿಕೊಂಡು ಕೂರಬೇಕಾಗಿಲ್ಲ. ಸೊಂಟದ ಮೂಳೆಗಳ ನಡುವೆ ಜೋಲಿಯ ಹಾಗೆ ಒಂದು ಸ್ನಾಯುಗಳ ಪದರ ಇದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಅದರ ಮೇಲೆ ನಿಂತಿವೆ. ಬಸಿರಿನ ಭಾರಕ್ಕೂ ಹೆರಿಗೆಗೂ ಅದು ಹಿಗ್ಗುತ್ತದೆ. ಅದನ್ನು ಬಲಪಡಿಸುವುದೇ ಕೆಗೆಲ್ ವ್ಯಾಯಾಮ, 1948ರಲ್ಲಿ ಇದನ್ನು ಪ್ರಕಟಿಸಿದ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಅವರ ಹೆಸರೇ ಅದಕ್ಕೆ ಉಳಿದಿದೆ. ವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಹಿಡಿಯುವ ಹಾಗೆ ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬಾರದು, ತೊಡೆ ಮತ್ತು ಪೃಷ್ಠ ಬಿಗಿಯಬಾರದು. ಮೊದಲಿಗೆ ಮೂರು ನಾಲ್ಕು ಸೆಕೆಂಡು ಹಿಡಿಯಲು ಆದರೆ ಸಾಕು, ನಿಧಾನವಾಗಿ 10 ಸೆಕೆಂಡಿನವರೆಗೆ ತನ್ನಿ. ಪೂರ್ತಿ ಸಡಿಲ ಬಿಟ್ಟು ಮತ್ತೆ ಹಿಡಿಯಿರಿ. ಸಡಿಲ ಬಿಡುವುದೂ ಹಿಡಿಯುವಷ್ಟೇ ಮುಖ್ಯ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮೂತ್ರ ಮಾಡುತ್ತಿರುವಾಗ ತಡೆದು ಅಭ್ಯಾಸ ಮಾಡಬೇಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಆಗಲೂ ಗುಣ ಕಾಣದಿದ್ದರೆ, ಕೆಳಗೆ ಭಾರ ಜಗ್ಗಿದಂತೆ ಅಥವಾ ಏನೋ ಜಾರಿದಂತೆ ಅನಿಸಿದರೆ ಸ್ತ್ರೀರೋಗ ತಜ್ಞರಿಗೆ ತೋರಿಸಲೇಬೇಕು.

ಈಗ ಹೊಟ್ಟೆ. ಬಸಿರಿನಲ್ಲಿ ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳು ಬೇರೆಯಾಗಿ ನಡುವೆ ಸಂದು ಬಿಡುತ್ತದೆ. ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿ ತಲೆಯನ್ನು ಸ್ವಲ್ಪ ಎತ್ತಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡವಾಗಿ ಇಟ್ಟು ನೋಡಿ. ಎರಡು ಬೆರಳಿಗಿಂತ ಹೆಚ್ಚು ಅಗಲವಿದ್ದರೆ, ಅಥವಾ ಎದ್ದೇಳುವಾಗ ಹೊಟ್ಟೆಯ ನಡುವೆ ಏಣಿನಂತೆ ಉಬ್ಬು ಕಂಡರೆ, ಮಲಗಿದಲ್ಲಿಂದ ನೇರ ಎದ್ದು ಕೂರುವ ವ್ಯಾಯಾಮಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಹಾಸಿಗೆಯಿಂದ ಏಳುವಾಗಲೂ ಮಗ್ಗುಲಾಗಿ ಕೈಯೂರಿ ಏಳಿ. ಹೊಟ್ಟೆ ಕರಗಿಸುವ ವಿಡಿಯೋಗಳಲ್ಲಿ ಈ ಎಚ್ಚರಿಕೆ ಹೆಚ್ಚಾಗಿ ಇರುವುದೇ ಇಲ್ಲ.

ಮನೆಕೆಲಸವೇ ವ್ಯಾಯಾಮ ಎನ್ನುವವರಿಗೆ ಒಂದು ಮಾತು. ಬಗ್ಗಿ ಗುಡಿಸುವುದು, ಒದ್ದೆ ಬಟ್ಟೆಯ ಬಕೆಟ್ ಎತ್ತುವುದು, ಇವು ಸೋತ ಸೊಂಟಕ್ಕೂ ಕೆಳಗಿನ ಸ್ನಾಯುಗಳಿಗೂ ಇನ್ನಷ್ಟು ಹೊರೆ. ವ್ಯಾಯಾಮದಲ್ಲಿ ಭಾರ ಎಷ್ಟು, ನಿಲ್ಲಿಸುವುದು ಯಾವಾಗ ಎಂದು ನಿರ್ಧರಿಸುವವರು ನೀವು. ಕೆಲಸದಲ್ಲಿ ಆ ಅಧಿಕಾರ ಇಲ್ಲ.

ಪದವಿನವ
ದೊಡ್ಡಮ್ಮ ಬರೆದದ್ದು ನನಗೆ ಗೊತ್ತಿರಲಿಲ್ಲ. ಆದರೆ ಮಲಗಿಯೇ ಇದ್ದರೂ ಮೈ ಜಡವಾಗುತ್ತದೆ ಎನ್ನುವ ನನ್ನ ಮಾತು ಸುಳ್ಳಲ್ಲ ಅಲ್ಲವೇ?

ಉಪ್ಪಳ ಫಿಸಿಯೋ
ಸುಳ್ಳಲ್ಲ. ಹೆರಿಗೆಯ ನಂತರದ ಆರು ವಾರಗಳಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ ಸಮಯಕ್ಕಿಂತ ಹೆಚ್ಚು. ಸಿಸೇರಿಯನ್ ಆದವರನ್ನು ಆಸ್ಪತ್ರೆಯವರು ಒಂದು ದಿನದೊಳಗೆ ಎಬ್ಬಿಸಿ ನಡೆಸುವುದು ಅದಕ್ಕೇ. ಮಲಗಿದ್ದಾಗಲೂ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಬೇಕು. ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ, ನಿಂತ ರಕ್ತಸ್ರಾವ ಮತ್ತೆ ಕೆಂಪಗೆ ಹರಿದರೆ, ಜ್ವರ ಅಥವಾ ಬಿಡದ ತಲೆನೋವು ಇದ್ದರೆ ಕಷಾಯ ಕುದಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಬೀಡಿ ಎಲೆ
ಇಲ್ಲಿ ಎಲ್ಲರಿಗೂ ತವರು, ಹಂಡೆ, ಲೇಹ್ಯ ಇದ್ದಂತಿದೆ. ನಾನು ಬೀಡಿ ಕಟ್ಟುವವಳು. ನನ್ನ ಅಮ್ಮನೂ ಕಟ್ಟುವವರೇ. ಅವರು ನನ್ನ ಬಾಣಂತನಕ್ಕೆ ನಿಂತರೆ ಅವರ ದಿನದ ಬೀಡಿ ನಿಲ್ಲುತ್ತದೆ. ಮಗು ಮಲಗಿದ ಕೂಡಲೇ ಮೊರವನ್ನು ಮಡಿಲಿಗೆ ಎಳೆದುಕೊಂಡೆ. ಕಾಲು ಚಾಚಿ, ಕತ್ತು ಬಗ್ಗಿಸಿ, ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತಿ, ಗಂಟೆಗಟ್ಟಲೆ ಒಂದೇ ಭಂಗಿ. ಮಗು ಅತ್ತರೆ ಕೈ ತೊಳೆದು ಹಾಲು ಕೊಟ್ಟು ಮತ್ತೆ ಅಲ್ಲೇ. ಸಂಜೆಗೆ ಎದ್ದು ನಿಲ್ಲುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ವ್ಯಾಯಾಮ ಮಾಡಬೇಕು ಎಂದು ನನಗೆ ಹೇಳಿದವರೂ ಇಲ್ಲ, ಹೇಳಿದ್ದರೂ ಸಮಯ ಇರಲಿಲ್ಲ. ನನ್ನಂಥವರು ಏನು ಮಾಡಬೇಕು? ಅದನ್ನು ಹೇಳಿ.

ಕುಂಬಳೆ ಕಡಲು
ಬೀಡಿ ಎಲೆ ಅವರೇ, ನಿಮ್ಮ ಪ್ರಶ್ನೆಯೇ ಸರಿಯಾದದ್ದು. ಉಪ್ಪಳದವರು ಉತ್ತರಿಸಲಿ.

ಉಪ್ಪಳ ಫಿಸಿಯೋ
ಅಕ್ಕ, ಕುಳಿತಲ್ಲೇ ಆಗುವಷ್ಟು ಹೇಳುತ್ತೇನೆ. ಬೆನ್ನಿಗೆ ಗೋಡೆಯ ಆಸರೆ ಇರಲಿ, ಮೊರದ ಅಡಿಗೆ ಒಂದು ದಿಂಬು ಇಟ್ಟು ಎತ್ತರಿಸಿಕೊಳ್ಳಿ, ಕತ್ತು ಬಗ್ಗುವುದು ಕಡಿಮೆಯಾಗುತ್ತದೆ. ಬೀಡಿಯ ಕಟ್ಟು ಒಂದು ಮುಗಿದಾಗಲೆಲ್ಲ ಎದ್ದು ಬಾಗಿಲಿನವರೆಗೆ ಹೋಗಿ ಬನ್ನಿ, ಭುಜ ಹಿಂದಕ್ಕೆ ತಿರುಗಿಸಿ. ಕೆಗೆಲ್ ಮಾಡುವುದಕ್ಕೆ ಎದ್ದೇಳಬೇಕಾಗಿಲ್ಲ, ಬೀಡಿ ಕಟ್ಟುತ್ತಲೇ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇನ್ನೊಂದು, ತಂಬಾಕಿನ ದೂಳು ಮಗುವಿಗೆ ಒಳ್ಳೆಯದಲ್ಲ. ತೊಟ್ಟಿಲು ಬೇರೆ ಕೋಣೆಯಲ್ಲಿರಲಿ. ಹಾಲು ಕೊಡುವ ಮೊದಲು ಕೈ ತೊಳೆಯುತ್ತೀರಿ ಎಂದಿರಿ, ಮೇಲಿನ ಬಟ್ಟೆಯನ್ನೂ ಬದಲಿಸಿದರೆ ಒಳ್ಳೆಯದು.

ಇದರಿಂದ ನಿಮ್ಮ ಕಷ್ಟ ಪೂರ್ತಿ ಕರಗುವುದಿಲ್ಲ ಎಂದು ನನಗೂ ಗೊತ್ತು. ಕಚೇರಿಯ ಉದ್ಯೋಗದಲ್ಲಿರುವವರಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ 26 ವಾರ ಹೆರಿಗೆ ರಜೆ ಸಿಕ್ಕಿತು. ಮನೆಯಲ್ಲಿ ಕುಳಿತು ತುಂಡು ಲೆಕ್ಕದಲ್ಲಿ ದುಡಿಯುವವರ ಕೈಗೆ ಅಂಥ ಸಂಬಳದ ರಜೆ ಬರುವುದು ಅಪರೂಪ. ಬೀಡಿ ಕಾರ್ಮಿಕರ ಗುರುತುಚೀಟಿ ಇದ್ದರೆ ಯೂನಿಯನ್ನಿನವರಲ್ಲಿ ಹೆರಿಗೆ ಸಹಾಯದ ಬಗ್ಗೆ ಕೇಳಿ ನೋಡಿ.

ಗೆಜ್ಜೆ
ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ, ತೆಂಕುತಿಟ್ಟು. ಹೆರಿಗೆಯ ನಂತರ ಮತ್ತೆ ರಂಗಕ್ಕೆ ಬರುವುದೇ ನನ್ನ ದೊಡ್ಡ ಆಸೆಯಾಗಿತ್ತು. ಮೊದಲ ಅಭ್ಯಾಸದಲ್ಲಿ ತಾಳಕ್ಕೆ ಹೆಜ್ಜೆ ಸಿಕ್ಕಿತು, ಉಸಿರು ಸಿಗಲಿಲ್ಲ. ಧೀಂಗಿಣ, ಅಂದರೆ ಸುತ್ತುತ್ತಾ ಜಿಗಿಯುವ ಕುಣಿತ, ತೆಗೆಯಲು ಹಾರಿದ್ದೇ ತಡ ಬಟ್ಟೆ ಒದ್ದೆಯಾಯಿತು. ಚೆಂಡೆ ಬಾರಿಸುತ್ತಿದ್ದವರು ಎದುರಿಗೇ ಇದ್ದರು. ಕಾಲು ಉಳುಕಿತು ಎಂದು ಹೇಳಿ ಒಳಗೆ ಹೋದೆ.

ಆಮೇಲೆ ಮಂಗಳೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟರನ್ನು ಕಂಡೆ. ಅವರು ಮೊದಲು ಕೇಳಿದ್ದು, ವೇಷ ಕಟ್ಟುವಾಗ ಹೊಟ್ಟೆಯನ್ನು ಎಷ್ಟು ಬಿಗಿಯುತ್ತೀರಿ ಎಂದು. ನಾವು ಕಸೆ ಬಿಗಿದು ಕಟ್ಟುತ್ತೇವಲ್ಲ, ಆ ಒತ್ತಡ ಕೆಳಕ್ಕೇ ಹೋಗುತ್ತದಂತೆ. ಓಟ, ಜಿಗಿತದಂಥ ಚಟುವಟಿಕೆಗೆ ಕನಿಷ್ಠ ಮೂರು ತಿಂಗಳು ಕಾಯಬೇಕು ಎಂದು ಬ್ರಿಟನ್ನಿನ ಫಿಸಿಯೋಥೆರಪಿಸ್ಟರು 2019ರಲ್ಲಿ ಮಾರ್ಗಸೂಚಿ ಮಾಡಿದ್ದಾರೆ ಎಂದೂ ಹೇಳಿದರು. ಕೇವಲ ಕಾಯುವುದಲ್ಲ, ಒಂಟಿ ಕಾಲಿನಲ್ಲಿ ನಿಲ್ಲುವುದು, ಕುಕ್ಕರಗಾಲಿನಿಂದ ಏಳುವುದು, ನಿಂತಲ್ಲೇ ಸಣ್ಣಗೆ ಜಿಗಿಯುವುದು, ಇವೆಲ್ಲ ನೋವಿಲ್ಲದೆ, ಒಸರದೆ ಆಗಬೇಕು. ನಾನು ಮೊದಲು ಮಾತಿನ ಅಭ್ಯಾಸ, ಆಮೇಲೆ ನಿಧಾನ ಲಯದ ಹೆಜ್ಜೆ, ಕೊನೆಗೆ ಧೀಂಗಿಣ, ಹೀಗೆ ಬಂದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹಾರಿ ಕುಣಿಯುವ ಪುಂಡುವೇಷವನ್ನೇ ಕಟ್ಟಿದೆ.

ಮುಳ್ಳೇರಿಯದವಳು
ಗೆಜ್ಜೆ ಅಕ್ಕ, ಹೊಟ್ಟೆ ಬಿಗಿಯುವುದು ಎಂದಿರಿ. ನಮ್ಮಲ್ಲಿ ಬಾಣಂತಿಗೆ ಹೊಟ್ಟೆಗೆ ಹಳೆಯ ಪಂಚೆ ಸುತ್ತಿ ಬಿಗಿದು ಕಟ್ಟುತ್ತಾರೆ. ಅದೂ ತಪ್ಪೇ?

ಉಪ್ಪಳ ಫಿಸಿಯೋ
ಹಿತವಾಗಿ ಆಸರೆ ಕೊಡುವಷ್ಟು ಕಟ್ಟಿದರೆ ತೊಂದರೆ ಇಲ್ಲ. ಸಿಸೇರಿಯನ್ ಆದವರಿಗೆ ಕೆಮ್ಮುವಾಗ, ಏಳುವಾಗ ನೋವು ಕಡಿಮೆ ಎನಿಸುತ್ತದೆ. ಉಸಿರು ಬಿಗಿಯುವಷ್ಟು ಕಟ್ಟಬಾರದು. ಸ್ನಾಯುವಿಗೆ ಬಲ ಬರುವುದು ಅದನ್ನು ದುಡಿಸಿದಾಗ ಮಾತ್ರ, ಬಟ್ಟೆಯಿಂದ ಬರುವುದಿಲ್ಲ.

ಮುಳ್ಳೇರಿಯದವಳು
ನನ್ನದು ಸಿಸೇರಿಯನ್. ಎಣ್ಣೆ ಹಚ್ಚಲು ಬಂದ ಹೆಂಗಸು ಸಹಜ ಹೆರಿಗೆಯವರಿಗೆ ಎರೆಯುವ ಹಾಗೆಯೇ ಕುದಿಯುವ ನೀರನ್ನು ಹೊಟ್ಟೆಗೆ ಬೀಸಿ ಹೊಯ್ಯಲು ಹೊರಟರು. ಅಮ್ಮ ಅಡ್ಡ ನಿಂತು ತಡೆದರು. ಅದೇ ಅಮ್ಮ ನನಗೆ ನೀರು ಕುಡಿಯಲು ಬಿಡಲಿಲ್ಲ, ಹೊಟ್ಟೆ ದೊಡ್ಡದಾಗುತ್ತದೆ ಎಂದು. ಮಲಬದ್ಧತೆಯಾಗಿ ಮುಕ್ಕರಿದ ನೋವು ಹೊಲಿಗೆಯ ನೋವಿಗಿಂತ ಹೆಚ್ಚಾಗಿತ್ತು. ದಯವಿಟ್ಟು ಬಾಣಂತಿಯರಿಗೆ ನೀರು ಕೊಡಿ!

ನೀರ್ಚಾಲಿನ ಅಕ್ಕ
ನೀರಿನ ಮಾತು ನೂರಕ್ಕೆ ನೂರು ನಿಜ. ಮುಕ್ಕರಿದರೆ ಫಿಸಿಯೋ ಹೇಳಿದ ಸ್ನಾಯುಗಳಿಗೂ ಪೆಟ್ಟು. ಬಸಳೆ, ಹರಿವೆ, ನುಗ್ಗೆಸೊಪ್ಪು ಹಿತ್ತಲಲ್ಲೇ ಇರುತ್ತದೆ, ಬಾಣಂತಿಗೆ ತಂಪು ಎಂದು ಅದನ್ನೂ ಬಡಿಸುವುದಿಲ್ಲ.

ಪೆರ್ಲದ ದೊಡ್ಡಮ್ಮ
ಬಸಳೆ ತಂಪೇ. ಮೊದಲ ಕೆಲವು ದಿನ ನಾನೂ ಕೊಡುವುದಿಲ್ಲ. ನುಗ್ಗೆಸೊಪ್ಪು ಕೊಡುತ್ತೇನೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ. ಅದಕ್ಕೆ ಯಾರ ತಕರಾರೂ ಬೇಡ.

ಗಡಿಯ ಕನ್ನಡತಿ
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ನನಗೆ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ವ್ಯಾಯಾಮದ ಚಿತ್ರಗಳಿದ್ದ ಒಂದು ಹಾಳೆ ಕೊಟ್ಟರು. ವಿವರಣೆ ಪೂರ್ತಿ ಮಲಯಾಳದಲ್ಲಿ. ನಾನು ಮಲಯಾಳ ಮಾತನಾಡುತ್ತೇನೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವಳು. ಚಿತ್ರದಲ್ಲಿ ಹೆಂಗಸು ಬೆನ್ನ ಮೇಲೆ ಮಲಗಿ ಸೊಂಟ ಎತ್ತಿದ್ದಾಳೆ. ಯಾವ ವಾರದಿಂದ ಎತ್ತಬೇಕು, ಯಾರು ಎತ್ತಬಾರದು ಎನ್ನುವುದೆಲ್ಲ ಕೆಳಗಿನ ಅಕ್ಷರಗಳಲ್ಲಿತ್ತು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕಿನಲ್ಲಿ ಇಷ್ಟೊಂದು ಕನ್ನಡಿಗರಿರುವಾಗ ಬಾಣಂತಿಗೆ ಕೊಡುವ ಒಂದು ಹಾಳೆ ಕನ್ನಡದಲ್ಲೂ ಇರಬೇಡವೇ? ನಮ್ಮ ಊರು ಕೇರಳಕ್ಕೆ ಸೇರಿದ 1956ರಿಂದ ಕೇಳುತ್ತಲೇ ಇದ್ದೇವೆ. ಅರ್ಜಿ ನಮೂನೆಗೆ ಮಾತ್ರ ಸೀಮಿತವಾದ ವಿಷಯ ಇದಲ್ಲ, ಮೈಯ ವಿಷಯ.

ಕುಂಬಳೆ ಕಡಲು
ನಮ್ಮ ಆಶಾ ಕಾರ್ಯಕರ್ತೆ ಕನ್ನಡ, ತುಳು, ಮಲಯಾಳ ಮೂರೂ ಬಲ್ಲವರು, ಅವರೇ ಓದಿ ಹೇಳಿದರು. ಆಸ್ಪತ್ರೆಯ ಹೆರಿಗೆಯಾದರೆ 3, 7, 14, 21, 28, 42ನೇ ದಿನಗಳಲ್ಲಿ ಅವರು ಮನೆಗೆ ಬರಬೇಕು. ಬಂದಾಗ ಮಗುವಿನ ತೂಕ ನೋಡಿ ಕಳುಹಿಸಿಬಿಡಬೇಡಿ, ನಿಮ್ಮ ಮೈಯ ಪ್ರಶ್ನೆಗಳನ್ನೂ ಕೇಳಿ.

ಗಡಿಯ ಕನ್ನಡತಿ
ನಮ್ಮ ಕಡೆಗೆ ಬಂದವರಿಗೆ ಕನ್ನಡ ಬರುತ್ತಿರಲಿಲ್ಲ. ಒಳ್ಳೆಯವರೇ, ಅವರ ತಪ್ಪಲ್ಲ. ಆದರೆ ಮೂತ್ರ ಒಸರುತ್ತದೆ ಎನ್ನುವಂಥ ಮಾತನ್ನು ನನ್ನದಲ್ಲದ ಭಾಷೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

ಹೊಸ ಅಪ್ಪ
ಗಂಡಸರೂ ಬರೆಯಬಹುದೇ? ಹೆಂಡತಿಗೆ ವ್ಯಾಯಾಮ ಮಾಡು ಎಂದು ಹೇಳುವುದಕ್ಕಿಂತ ಮಗುವನ್ನು ಅರ್ಧ ಗಂಟೆ ಎತ್ತಿಕೊಳ್ಳುವುದು ಉಪಕಾರ ಎಂದು ನನ್ನ ಅನುಭವ. ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಚಟುವಟಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೆರಿಗೆಯಾದವರು ನಿಧಾನವಾಗಿ ಆರಂಭಿಸಿ ಅಲ್ಲಿಗೆ ತಲುಪಬೇಕಂತೆ. ಆ ನಿಮಿಷಗಳಲ್ಲಿ ಮಗು ಯಾರ ಹೆಗಲಲ್ಲಿರುತ್ತದೆ ಎಂದು ಪ್ರತಿ ಮನೆಯಲ್ಲೂ ಕೇಳಬೇಕು. ನಮ್ಮಲ್ಲಿ ಸಂಜೆಯ ಹೊತ್ತು ನನ್ನದು. ಅವಳು ಹಾಲು ಕೊಟ್ಟು ಹೊರಡುತ್ತಾಳೆ. ಹಾಲು ಕೊಟ್ಟ ಮೇಲೆ ನಡೆದರೆ ಎದೆ ಭಾರವಾಗುವುದಿಲ್ಲ, ಮಗುವೂ ಅಳುವುದಿಲ್ಲ.

ಅಂಗಳದ ತುಳಸಿ
ಇದನ್ನು ಹಾಗೆಯೇ ದುಬೈಗೆ ಕಳುಹಿಸಿದ್ದೇನೆ.

ಸುರಂಗದ ನೀರು
ನಾನು ಹೆಚ್ಚು ಬರೆಯುವವಳಲ್ಲ. ಹೆರಿಗೆಯಾದ ಮೇಲೆ ನನಗೆ ಕಾರಣವಿಲ್ಲದೆ ಅಳು ಬರುತ್ತಿತ್ತು. ಕೋಣೆಯ ಕಿಟಕಿ ಮುಚ್ಚಿರುತ್ತಿತ್ತು, ಹಗಲೂ ರಾತ್ರಿಯೂ ಒಂದೇ. ಅಕ್ಕ ಬಂದವಳು ಕೈಹಿಡಿದು ಗುಡ್ಡದ ಬುಡದಲ್ಲಿ ನೀರಿಗಾಗಿ ಕೊರೆದ ಸುರಂಗದವರೆಗೆ ದಿನವೂ ಕರೆದುಕೊಂಡು ಹೋದಳು. ಬೆಳಕು, ನಡಿಗೆ, ಅಕ್ಕನ ಮಾತು, ಯಾವುದು ಕೆಲಸ ಮಾಡಿತೋ, ಮನಸ್ಸು ಹಗುರಾಯಿತು. ಆದರೆ ನನ್ನ ನಾದಿನಿಗೆ ಇದೇ ಸ್ಥಿತಿ ಬಂದಾಗ ನಡಿಗೆ ಸಾಕಾಗಲಿಲ್ಲ, ವೈದ್ಯರ ಮದ್ದು ಬೇಕಾಯಿತು. ಎರಡು ವಾರ ಕಳೆದರೂ ಅಳು, ಭಯ, ನಿದ್ದೆ ಬಾರದಿರುವುದು ಹೋಗದಿದ್ದರೆ ನಡೆದು ಸರಿಮಾಡಿಕೊಳ್ಳುತ್ತೇನೆ ಎಂದು ಕಾಯಬೇಡಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ. ಹಣ ಕೊಡಬೇಕಾಗಿಲ್ಲ.

ಪೆರ್ಲದ ದೊಡ್ಡಮ್ಮ
ಬಾಣಂತಿಗೆ ಯಾರೋ ಕಣ್ಣು ಹಾಕಿದ್ದಾರೆ ಎಂದು ನಾವು ದಾರ ಕಟ್ಟಿಸುತ್ತಿದ್ದೆವು, ಮಗಳೇ. ಮದ್ದು ಇದೆ ಎಂದು ಯಾರಿಗೂ ಗೊತ್ತಿರಲಿಲ್ಲ. ನೀನು ಬರೆದದ್ದು ಒಳ್ಳೆಯದಾಯಿತು.

ಅಂಗಳದ ತುಳಸಿ
ಎಲ್ಲರಿಗೂ ತಿಳಿಸುತ್ತೇನೆ: ಉಪ್ಪಳದವರು ಹೇಳಿದಂತೆ ಹೊಟ್ಟೆಯನ್ನು ಪರೀಕ್ಷಿಸಿದೆ, ಎರಡು ಬೆರಳಿಗಿಂತ ಹೆಚ್ಚೇ ಇದೆ. ವಿಡಿಯೋ ನಿಲ್ಲಿಸಿದೆ. ಕೆಗೆಲ್ ಶುರು ಮಾಡಿದ್ದೇನೆ, ಮುಂದಿನ ವಾರ ವೈದ್ಯರಿಗೂ ತೋರಿಸುತ್ತೇನೆ. ದೊಡ್ಡಮ್ಮನ ಮಾತನ್ನು ಅಜ್ಜಿಗೆ ಓದಿ ಹೇಳಿದೆ. "ನಡೆ, ಆದರೆ ಕೊಡ ಮುಟ್ಟಿದರೆ ನೋಡು" ಎಂದರು. ಈಗ ಅಂಗಳದಲ್ಲಿ ಒಣಹಾಕಿದ ಅಡಿಕೆಯ ಸುತ್ತ ನಡೆಯುತ್ತೇನೆ, ಅವರು ಜಗಲಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂರುತ್ತಾರೆ.

ಕಣ್ಣಿಪೂವು
ತಡವಾಗಿ ಬಂದೆ, ಒಂದು ಪ್ರಶ್ನೆ ಇದೆ. ಎರಡನೆಯ ಸಿಸೇರಿಯನ್ ಆಗಿ ಮೂರು ವಾರ. ದೊಡ್ಡವಳಿಗೆ ಇನ್ನೂ ಎರಡು ವರ್ಷ, ಎತ್ತಿಕೋ ಎಂದು ಹಟ ಮಾಡುತ್ತಾಳೆ. ಎತ್ತದಿದ್ದರೆ ತಂಗಿಯ ಮೇಲೆ ಮುನಿಸು. ನಡಿಗೆ ಇರಲಿ, ಇವಳನ್ನು ಏನು ಮಾಡಲಿ?

ಉಪ್ಪಳ ಫಿಸಿಯೋ
ಆರು ವಾರದವರೆಗೆ ಹಸುಗೂಸಿಗಿಂತ ಭಾರವಾದದ್ದನ್ನು ಎತ್ತಬೇಡಿ. ದೊಡ್ಡವಳಿಗೆ ನಿಮ್ಮ ಮಡಿಲು ಬೇಕು, ಅದನ್ನು ಎತ್ತದೆಯೂ ಕೊಡಬಹುದು. ಗೋಡೆಗೆ ಒರಗಿ ಕುಳಿತುಕೊಳ್ಳಿ, ಗಾಯದ ಮೇಲೆ ದಿಂಬು ಇಟ್ಟುಕೊಳ್ಳಿ, ಅವಳೇ ಪಕ್ಕದಿಂದ ಹತ್ತಿ ಬರಲಿ. ಸಂಜೆ ನಡೆಯುವಾಗ ಕೈಹಿಡಿದು ಕರೆದುಕೊಂಡು ಹೋಗಿ. ಅವಳ ಹೆಜ್ಜೆಯ ವೇಗವೇ ಈಗ ನಿಮಗೂ ಸರಿಯಾದ ವೇಗ.